ಚಳಿ ಹೊಡೆದ ಗಿಡವನ್ನು ಆತುರಪಟ್ಟು ಎಸೆಯಬೇಡಿ

ಚಳಿ ದೇಶಕ್ಕೆ ಹೊಸದಾಗಿ ಬಂದವರು ಚಳಿಗಾಲದಲ್ಲಿ ಮನೆಯ ಗಿಡ ಕಪ್ಪಾಯಿತೆಂದರೆ ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಸತ್ತಿರುವುದಿಲ್ಲ.

ಮನಿ ಪ್ಲಾಂಟ್, ಕ್ರೋಟನ್, ದಾಸವಾಳ ಎಲ್ಲವೂ ಬೆಚ್ಚಗಿನ ನಾಡಿನ ಗಿಡಗಳು. ಇವು ಕೆಡಲು ಹಿಮವೇ ಬೀಳಬೇಕೆಂದಿಲ್ಲ. ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇಂಥ ಗಿಡಗಳಿಗೆ ತೊಂದರೆ ಶುರು. ಅದೂ ಅವತ್ತೇ ಗೊತ್ತಾಗುವುದಿಲ್ಲ. ಕೆಲವು ದಿನ ಕಳೆದ ಮೇಲೆ ಎಲೆಯಲ್ಲಿ ನೀರು ತುಂಬಿಕೊಂಡಂಥ ಕಲೆ ಕಾಣಿಸುತ್ತದೆ, ಆಮೇಲೆ ಅದು ಕಪ್ಪಾಗಿ ಜೋತು ಬೀಳುತ್ತದೆ.

ಜೋತುಬಿದ್ದ ಎಲೆ ನೋಡಿದರೆ ನೀರು ಹಾಕೋಣ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಹಾಕಬೇಡಿ. ಮಣ್ಣು ತಣ್ಣಗಿರುವಾಗ ಬೇರು ನೀರು ಎಳೆಯುವುದೇ ಕಮ್ಮಿ. ನಿಂತ ನೀರಲ್ಲಿ ಬೇರು ಕೊಳೆಯುತ್ತದೆ. ಚಳಿಯಿಂದ ಬದುಕಿ ಉಳಿದ ಗಿಡ ಹೀಗೆ ನೀರು ಜಾಸ್ತಿಯಾಗಿ ಸಾಯುವುದು ನನಗೆ ತುಂಬಾ ಬೇಸರದ ವಿಷಯ. ಬೆರಳು ಒಂದಿಂಚು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಅದೂ ತಣ್ಣೀರು ಬೇಡ, ಕೋಣೆಯಲ್ಲೇ ಇಟ್ಟಿದ್ದ ನೀರು ಹಾಕಿ.

ಬೆಚ್ಚಗಾಗಲಿ ಅಂತ ಹೀಟರ್ ಪಕ್ಕ ಇಡುವುದೂ ತಪ್ಪು. ಬಿಸಿ ಒಣಗಾಳಿಗೆ ಉಳಿದ ಎಲೆಯೂ ಸುಡುತ್ತದೆ. 18ರಿಂದ 24 ಡಿಗ್ರಿ ಇರುವ ಬೆಳಕಿನ ಜಾಗ ಸಾಕು. ಕಿಟಕಿ ಹತ್ತಿರ ಇಟ್ಟರೆ ಎಲೆ ಗಾಜಿಗೆ ತಾಗದಿರಲಿ, ಮನೆಯೊಳಗೆ ಬೆಚ್ಚಗಿದ್ದರೂ ರಾತ್ರಿ ಆ ಗಾಜು ತುಂಬಾ ತಣ್ಣಗಾಗುತ್ತದೆ.

ಈಗ ಗಿಡಕ್ಕೆ ಜೀವ ಇದೆಯಾ ನೋಡೋಣ. ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪವೇ ಕೆರೆಯಿರಿ. ಒಳಗೆ ಹಸಿರು, ಒದ್ದೆ ಕಂಡರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆದು ನೋಡಿ. ಎಷ್ಟೋ ಗಿಡಗಳು ಮೇಲೆಲ್ಲ ಹೋಗಿದ್ದರೂ ಬುಡದಲ್ಲಿ ಹಸಿರಾಗಿರುತ್ತವೆ. ಕಾಂಡ ಬುಡದವರೆಗೂ ಮೆತ್ತಗಾಗಿ, ಬೇರು ಕೊಳೆತ ವಾಸನೆ ಬರುತ್ತಿದ್ದರೆ ಮಾತ್ರ ಆಸೆ ಬಿಡಬೇಕು.

ಕೊಳೆತು ಲೊಳೆಯಾದ ಎಲೆಗಳನ್ನು ಶುಭ್ರವಾದ ಕತ್ತರಿಯಿಂದ ತೆಗೆಯಿರಿ. ಅರ್ಧ ಹಸಿರಿರುವ ಎಲೆ ಇರಲಿ, ಆ ಹಸಿರು ಭಾಗವೇ ಈಗ ಗಿಡಕ್ಕೆ ಆಹಾರ ಮಾಡಿಕೊಡುವುದು. ಕಾಂಡಕ್ಕೆ ಇನ್ನೂ ಕತ್ತರಿ ಹಾಕಬೇಡಿ, ಎಲ್ಲಿಂದ ಚಿಗುರುತ್ತದೋ ನೋಡಿಕೊಂಡು ಆಮೇಲೆ ಕತ್ತರಿಸಿದರಾಯಿತು. ಬೇರು ಕೊಳೆತಿಲ್ಲದಿದ್ದರೆ ಕುಂಡ ಬದಲಿಸುವುದೂ ಈಗ ಬೇಡ. ಹೊಸ ಎಲೆ ಬರುವವರೆಗೆ ಗೊಬ್ಬರವೂ ಬೇಡ. ಕೆಲವು ಗಿಡ ಕೆಲವೇ ವಾರಗಳಲ್ಲಿ ಚಿಗುರುತ್ತವೆ, ಕೆಲವು ದಿನದ ಬೆಳಕು ಹೆಚ್ಚುವ ವಸಂತದವರೆಗೆ ಸುಮ್ನೆ ಇರುತ್ತವೆ.

ಮನಿ ಪ್ಲಾಂಟ್ ಆದರೆ ಕಾಯುವಾಗಲೇ ಇನ್ನೊಂದು ಕೆಲಸ ಮಾಡಬಹುದು. ಚೆನ್ನಾಗಿರುವ ಬಳ್ಳಿ ಒಂದಿಷ್ಟಿದ್ದರೆ, ಗೆಣ್ಣಿನ ಕೆಳಗೆ ಕತ್ತರಿಸಿ, ಗೆಣ್ಣು ಮುಳುಗುವಂತೆ ನೀರಲ್ಲಿಡಿ. ಬೆಚ್ಚಗಿನ ಜಾಗದಲ್ಲಿ ಆ ಗೆಣ್ಣಿನಿಂದಲೇ ಬೇರು ಬರುತ್ತದೆ. ತಾಯಿ ಗಿಡ ಉಳಿಯದಿದ್ದರೂ ಬಳ್ಳಿ ನಿಮ್ಮ ಹತ್ತಿರ ಇರುತ್ತದೆ.