ಮ್ಯಾನೇಜರ್ ಮಾತು ತಂಡಕ್ಕೆ ಮುಟ್ಟುತ್ತಿದೆಯಾ? ಕಂಪ್ಯೂಟರ್‌ನಲ್ಲಿ ನೋಡೋದು ಹೀಗೆ
ಶಿರಸಿಯ ಅಡಿಕೆ ವ್ಯಾಪಾರದ ಆಫೀಸಿರಲಿ, ಕಾರವಾರದ ಸಾಗಾಟದ ಆಫೀಸಿರಲಿ, ಮೀಟಿಂಗ್ ರೆಕಾರ್ಡ್ ಮಾಡುವ ಮೊದಲು ಎಲ್ಲರ ಒಪ್ಪಿಗೆ ಬರೆದು ತಗೊಳ್ಳಿ. ಕದ್ದು ಮಾಡಲೇಬೇಡಿ.

ಜೂಮ್, ಟೀಮ್ಸ್‌ನಂಥ ಆ್ಯಪ್‌ಗಳು ಮಾತನ್ನು ಅಕ್ಷರಕ್ಕೆ ಇಳಿಸಿಕೊಡುತ್ತವೆ. ಅದರಲ್ಲಿ ಮೂರು ಸಂಗತಿ ನೋಡಿ: ಯಾರು ಎಷ್ಟು ನಿಮಿಷ ಮಾತಾಡಿದರು, ಮ್ಯಾನೇಜರ್ ಎಷ್ಟು ಪ್ರಶ್ನೆ ಕೇಳಿದರು, ಕೇಳಿದ ಮೇಲೆ ಉತ್ತರಕ್ಕೆ ಕಾದರಾ. 60 ನಿಮಿಷದಲ್ಲಿ 50 ನಿಮಿಷ ಒಬ್ಬರದೇ ದನಿ ಇದ್ದರೆ ಅದು ಮೀಟಿಂಗ್ ಅಲ್ಲ, ಭಾಷಣ, ಅಲ್ವಾ?

ಆಮೇಲೆ ವಾಟ್ಸಾಪ್, ಮೇಲ್‌ನಲ್ಲಿ ಕೊಟ್ಟ ಸೂಚನೆಗಳು. ನನಗೆ ಇದೇ ಜಾಸ್ತಿ ಮುಖ್ಯ. ‘ಚಾಲಿ (ಒಣಗಿಸಿ ಸುಲಿದ ಅಡಿಕೆ) ಬೇಗ ಕಳಿಸಿ’ ಅಂದರೆ ಯಾರು, ಯಾವಾಗ, ಎಷ್ಟು ಅಂತ ಗೊತ್ತಾಗೋದಿಲ್ಲ. ‘ರಮೇಶ, ಗುರುವಾರ ಬೆಳಿಗ್ಗೆ 10ರ ಒಳಗೆ 40 ಚೀಲ ಚಾಲಿ ಲಾರಿಗೆ ಹತ್ತಿಸಿ’ ಅಂದರೆ ಯಾರೂ ಮತ್ತೆ ಫೋನ್ ಮಾಡಿ ಕೇಳಬೇಕಿಲ್ಲ. ಪ್ರತಿ ಸೂಚನೆಗೆ ಎಷ್ಟು ಜನ ಮರುಪ್ರಶ್ನೆ ಕೇಳಿದರು ಅಂತ ಎಕ್ಸೆಲ್‌ನಲ್ಲಿ ಒಂದು ತಿಂಗಳು ಬರೆದಿಡಿ.

ಒಂದು ಎಚ್ಚರ. ನಮ್ಮ ಕಡೆ ಹವ್ಯಕ ಕನ್ನಡ, ಕೊಂಕಣಿ, ಇಂಗ್ಲಿಷ್ ಎಲ್ಲಾ ಒಂದೇ ಮಾತಲ್ಲಿ ಬರುತ್ತವೆ, ‘ಗೊತ್ತಿಲ್ಲೆ’ ಅಂದಿದ್ದನ್ನು ಯಂತ್ರ ಬೇರೇನೋ ಬರೆದುಬಿಡಬಹುದು. ಅದು ಬರೆದುಕೊಟ್ಟದ್ದನ್ನು ಸುಮ್ನೆ ನಂಬಬೇಡಿ, ರೆಕಾರ್ಡಿಂಗ್ ನೀವೇ ಕೇಳಿ.

ಕೊನೆಗೆ, ಮ್ಯಾನೇಜರ್ ಮಾತು ಅರ್ಥವಾಗುತ್ತಿದೆಯಾ ಅಂತ ತಂಡವನ್ನೇ ಗೂಗಲ್ ಫಾರ್ಮ್‌ನಲ್ಲಿ ಕೇಳಿ. ಇಮೇಲ್ ಕೇಳಬೇಡಿ, ಹೆಸರೂ ಬೇಡ. ಐದಕ್ಕಿಂತ ಕಡಿಮೆ ಜನರ ತಂಡವಾದರೆ ಉತ್ತರಗಳನ್ನು ಬೇರೆ ತಂಡದ ಜೊತೆ ಸೇರಿಸಿಯೇ ತೋರಿಸಿ, ಇಲ್ಲದಿದ್ದರೆ ಬರೆದವರು ಯಾರು ಅಂತ ಮ್ಯಾನೇಜರ್‌ಗೆ ತಕ್ಷಣ ತಿಳಿಯುತ್ತದೆ.