ನಾಟಿ ಕೋಳಿಯನ್ನು ಕಾವಿಗೆ ಕೂರಿಸುವುದು ಹೇಗೆ?

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕುವವರು ಹಳ್ಳಿಯಲ್ಲಷ್ಟೇ ಅಲ್ಲ, ಪೇಟೆಯ ಹೊರಗಿನ ಬಡಾವಣೆಗಳಲ್ಲೂ ಇದ್ದಾರೆ. ಗೂಡು ಚೆನ್ನಾಗಿಯೇ ಕಟ್ಟುತ್ತಾರೆ, ಕಾಳು ಹಾಕುತ್ತಾರೆ, ಹೆಸರಿಟ್ಟು ಕರೆಯುತ್ತಾರೆ. ಹೇಂಟೆ ಕಾವಿಗೆ ಬಂದಾಗ ಮಾತ್ರ ಕೆಲಸ ಕೆಡುತ್ತದೆ. ಮೊಟ್ಟೆ ಕೊಳೆಯುತ್ತವೆ, ಇಲ್ಲವೇ ಮರಿಗಳು ಚಿಪ್ಪಿನೊಳಗೇ ಸಾಯುತ್ತವೆ. ನಾನು ನೋಡಿದ ಮಟ್ಟಿಗೆ ಕಾರಣ ಹೆಚ್ಚಾಗಿ ಒಂದೇ: ಸುಮ್ಮನಿರಬೇಕಾದ ಹೊತ್ತಲ್ಲಿ ಜನ ಕೈ ಹಾಕುತ್ತಾರೆ.

ಮೊದಲು ಹೇಂಟೆ ನಿಜಕ್ಕೂ ಕಾವಿಗೆ ಬಂದಿದೆಯಾ ನೋಡಿ. ಮೊಟ್ಟೆ ಇಡುವುದು ನಿಂತಿರುತ್ತದೆ. ಗೂಡು ಬಿಟ್ಟು ಏಳುವುದಿಲ್ಲ. ಹತ್ತಿರ ಹೋದರೆ ಮೈ ಉಬ್ಬಿಸಿ ಗುರುಗುಟ್ಟುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ. ಎದೆಯ ಕೆಳಗೆ ಪುಕ್ಕ ಉದುರಿ ಬರೀ ಚರ್ಮ ಕಾಣುತ್ತದೆ. ಎರಡು ಮೂರು ದಿನ ಹೀಗೇ ಇದ್ದರೆ ನಂಬಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರ ತಳಿಗಳು ಮೊಟ್ಟೆ ಚೆನ್ನಾಗಿ ಇಡುತ್ತವೆ, ಆದರೆ ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯನ್ನೂ ನಾಟಿ ಹೇಂಟೆಯ ಕೆಳಗೇ ಇಡಬೇಕು. ಹಿಂದೆ ಮರಿ ಮಾಡಿ ಗೊತ್ತಿರುವ ಹಳೇ ಹೇಂಟೆ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಮೊಟ್ಟೆ ಕಡಿಮೆಯಾಯಿತು ಅಂತ ಅಂಥ ಕೋಳಿಯನ್ನು ಕೊಯ್ಯುವ ಮುಂಚೆ ಇದನ್ನು ಯೋಚಿಸಿ.

ಮರಿ ಬೇಕಾ ಬೇಡವಾ ಅಂತಲೂ ಈಗಲೇ ತೀರ್ಮಾನಿಸಿ. ಹುಟ್ಟುವ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳೇ. ಹಿತ್ತಲಿಗೆ ಒಂದು ಹುಂಜ ಸಾಕು, ಉಳಿದವನ್ನು ಏನು ಮಾಡುತ್ತೀರಿ ಅಂತ ಮನೆಯವರೆಲ್ಲ ಕೂತು ಮಾತಾಡಿ. ಮಕ್ಕಳು ಮರಿಗಳಿಗೆ ಹೆಸರಿಟ್ಟ ಮೇಲೆ ಆ ಮಾತು ಎತ್ತಿದರೆ ಎಲ್ಲರಿಗೂ ಕಷ್ಟ. ಬೇಡ ಅಂತಾದರೆ ಹೇಂಟೆಯ ಕಾವು ಬಿಡಿಸಿ. ಅದಕ್ಕೆ ನೀರಿನಲ್ಲಿ ಮುಳುಗಿಸುವುದು, ಮೂಗಿಗೆ ಪುಕ್ಕ ಚುಚ್ಚುವುದು ಇವೆಲ್ಲ ಶುದ್ಧ ಹಿಂಸೆ, ದಯವಿಟ್ಟು ಮಾಡಬೇಡಿ. ತಂತಿ ತಳದ ಪಂಜರದಲ್ಲಿ, ಹುಲ್ಲು ಹಾಕದೆ, ಗಾಳಿ ಬೆಳಕು ಇರುವ ಕಡೆ ಮೂರು ನಾಲ್ಕು ದಿನ ಇಡಿ. ಕಾಳು ನೀರು ಧಾರಾಳವಾಗಿ ಕೊಡಿ. ಹೊಟ್ಟೆಯ ಕೆಳಗೆ ತಂಪು ತಾಗಿದರೆ ಕಾವು ತಾನೇ ಇಳಿಯುತ್ತದೆ.

ಮರಿ ಬೇಕು ಅಂದರೆ ಹುಂಜದ ಜೊತೆ ಇರುವ ಹೇಂಟೆಯ ಮೊಟ್ಟೆಯೇ ಆಗಬೇಕು. ಅಂಗಡಿಯ ಬಿಳಿ ಮೊಟ್ಟೆಯನ್ನು ಎಷ್ಟು ದಿನ ಕಾವು ಕೊಟ್ಟರೂ ಅಷ್ಟೇ, ಆ ಫಾರಂಗಳಲ್ಲಿ ಹುಂಜ ಇರುವುದೇ ಇಲ್ಲ. ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಬಾರದು. ತೊಳೆಯಬೇಡಿ, ಫ್ರಿಜ್ಜಿನಲ್ಲಿ ಇಡಬೇಡಿ. ಬೇಸಿಗೆಯಲ್ಲಿ ಅಡುಗೆಮನೆಯ ಸೆಕೆಗೇ ಮೊಟ್ಟೆಯೊಳಗೆ ಬೆಳವಣಿಗೆ ಅರೆಬರೆ ಶುರುವಾಗಿ ಕೆಡುತ್ತದೆ. ಹಾಗಾಗಿ ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಇಟ್ಟು, ಅದರೊಳಗೆ ಚೂಪು ತುದಿ ಕೆಳಗೆ ಬರುವಂತೆ ಜೋಡಿಸಿ. ಒಂದು ನಾಟಿ ಹೇಂಟೆಗೆ ಹತ್ತರಿಂದ ಹನ್ನೆರಡು ಸಾಕು. ಹದಿನೆಂಟು ಇಟ್ಟು ಜಾಸ್ತಿ ಮರಿ ತೆಗೆಯುತ್ತೇನೆ ಅನ್ನುವವರಿಗೆ ಕೊನೆಗೆ ಸಿಗುವುದು ಕಡಿಮೆಯೇ. ಅಂಚಿನಲ್ಲಿರುವ ಮೊಟ್ಟೆ ತಣ್ಣಗಾಗುತ್ತವೆ, ಹೇಂಟೆ ಅವನ್ನು ಒಳಕ್ಕೆ ಎಳೆದುಕೊಂಡಾಗ ಬೇರೆಯವು ಹೊರಗೆ ಬರುತ್ತವೆ, ಹೀಗೆ ಒಂದೊಂದಾಗಿ ಎಲ್ಲವೂ ಕೆಡುತ್ತವೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಥರ್ಮಾಕೋಲ್ ಇನ್‌ಕ್ಯುಬೇಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಒಳಗೆ 37.5 ಡಿಗ್ರಿ ಒಂದೇ ಸಮ ಇರಬೇಕು, ಅಂಥವುಗಳಲ್ಲಿ ಅದು ನಿಲ್ಲುವುದಿಲ್ಲ, ಕರೆಂಟು ಹೋದರಂತೂ ಮುಗಿಯಿತು. ಮನೆಯಲ್ಲಿ ಕಾವಿಗೆ ಬಂದ ಹೇಂಟೆ ಇರುವಾಗ ಅದಕ್ಕೆ ದುಡ್ಡು ಹಾಕಬೇಡಿ.

ಅಗಲ ಬಾಯಿಯ ಬಿದಿರು ಬುಟ್ಟಿ, ತಳಕ್ಕೆ ಮರಳು, ಮೇಲೆ ಒಣಹುಲ್ಲು, ಹೇನಿಗೆ ಸ್ವಲ್ಪ ಬೂದಿ ಮತ್ತು ಒಣಗಿದ ಬೇವಿನ ಎಲೆ. ಇಷ್ಟೇ. ನುಸಿಗುಳಿಗೆ ಬೇಡ, ಅದರ ಆವಿ ಕೋಳಿಗೂ ವಿಷ, ಮೊಟ್ಟೆಗೂ ವಿಷ. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಬುಟ್ಟಿಯಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡುವ ರೂಢಿಯಿದೆ. ಅಜ್ಜಿ ಇಡು ಅಂದರೆ ಇಡಿ, ತೊಂದರೆಯಿಲ್ಲ.

ಇನ್ನು ಕೂರಿಸುವ ಕೆಲಸ. ಹಗಲಲ್ಲಿ ಜಾಗ ಬದಲಿಸಿದರೆ ಹೇಂಟೆ ಹಳೇ ಜಾಗಕ್ಕೇ ಓಡುತ್ತದೆ. ಪೂರ್ತಿ ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಬೇರೆ ಕಡೆ ತಿರುಗಿಸಿಟ್ಟು, ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಹಾಕಿ ರೆಕ್ಕೆ ಒತ್ತಿಹಿಡಿದು ಎತ್ತಿ. ರೆಕ್ಕೆಯ ಸಂದಿಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದೆಯಾ ನೋಡಿಕೊಳ್ಳಿ. ಹೊಸ ಬುಟ್ಟಿಯಲ್ಲಿ ಮೊದಲು ಎರಡು ಹಳೇ ಮೊಟ್ಟೆಯ ಮೇಲೆ ಕೂರಿಸಿ, ಇನ್ನೊಂದು ಬುಟ್ಟಿ ಕವುಚಿ. ಮಾರನೇ ದಿನ ಬಿಗಿಯಾಗಿ ಕೂತಿದ್ದರೆ ಆ ರಾತ್ರಿ ಕಾವಿನ ಮೊಟ್ಟೆಗಳನ್ನು ಕೆಳಗೆ ಸರಿಸಿ. ಎಲ್ಲವನ್ನೂ ಒಂದೇ ರಾತ್ರಿ ಇಡಬೇಕು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಗುರುತು ಹಾಕಿರಿ. ಬೇರೆ ಹೇಂಟೆ ಬಂದು ಹೊಸದಾಗಿ ಇಟ್ಟರೆ ಅದನ್ನು ಅವತ್ತೇ ತೆಗೆಯಬಹುದು. ದಿನಕ್ಕೊಮ್ಮೆ ಹೇಂಟೆ ತಾನೇ ಎದ್ದು ಹಿಕ್ಕೆ ಹಾಕಿ, ತಿಂದು, ಕುಡಿದು, ಧೂಳಿನಲ್ಲಿ ಹೊರಳಿ ಹದಿನೈದು ಇಪ್ಪತ್ತು ನಿಮಿಷಕ್ಕೆ ವಾಪಸ್ಸು ಬರುತ್ತದೆ. ಮೊಟ್ಟೆ ಬಿಟ್ಟುಹೋಯಿತು ಅಂತ ಗಾಬರಿಯಾಗಿ ಅಟ್ಟಿಸಿಕೊಂಡು ಬರಬೇಡಿ. ಮೊಟ್ಟೆ ಮಗುಚುವುದೂ ನಿಮ್ಮ ಕೆಲಸವಲ್ಲ. ಅದು ಕೊಕ್ಕಿನಿಂದ ಒಂದೊಂದನ್ನೇ ಹೊರಳಿಸುವುದನ್ನು ದೂರ ಕೂತು ನೋಡಿ, ಕೋಳಿ ಸಾಕುವ ಖುಷಿ ಅಂದರೆ ಅದೇ.

ಏಳನೇ ರಾತ್ರಿ ಟಾರ್ಚಿನ ಮುಂದೆ ಹಿಡಿದು ನೋಡಿ. ಕೆಂಪು ನರ ಹರಡಿದ್ದರೆ ಮರಿ ಇದೆ, ತಿಳಿಯಾಗಿದ್ದರೆ ತೆಗೆದುಬಿಡಿ.

ಹದಿನೆಂಟನೇ ದಿನದಿಂದ ಕೈ ಕಟ್ಟಿ ಕೂರಬೇಕು. ಜನ ಎಡವುವುದು ಇಲ್ಲೇ. ಒಣ ಬೇಸಿಗೆಯಲ್ಲಿ ಬುಟ್ಟಿಯ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ, ಅಷ್ಟು ಸಾಕು. ಇಪ್ಪತ್ತೊಂದನೇ ದಿನದ ಹೊತ್ತಿಗೆ ಚಿಪ್ಪಿನಲ್ಲಿ ಸಣ್ಣ ಬಿರುಕು ಕಾಣುತ್ತದೆ, ಒಳಗಿನಿಂದ ಚಿಂವ್ ಅನ್ನುತ್ತದೆ, ಹೇಂಟೆ ಮೆಲ್ಲಗೆ ಉತ್ತರ ಕೊಡುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಪಾಪ, ಮರಿ ಒದ್ದಾಡುತ್ತಿದೆ ಅಂತ ಚಿಪ್ಪು ಸುಲಿಯುವವರು ಆಗಲೇ ಅದನ್ನು ಕೊಲ್ಲುತ್ತಾರೆ. ಆ ಹೊತ್ತಿನಲ್ಲಿ ಮರಿ ಸುಮ್ಮನಿರುವುದಿಲ್ಲ. ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಚಿಪ್ಪಿನ ಒಳಪೊರೆಯ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ, ಅದು ಹರಿದರೆ ಮರಿ ರಕ್ತ ಸುರಿದು ಸಾಯುತ್ತದೆ. ಮೊದಲ ಬಿರುಕಿನಿಂದ ಹೊರಬರಲು ಒಂದು ಇಡೀ ದಿನ ಹಿಡಿಯಬಹುದು. ಮೊದಲು ಬಂದ ಮರಿಗೆ ಕಾಳು ಹಾಕಬೇಕು ಅಂತಲೂ ಆತುರ ಬೇಡ, ಹೊಟ್ಟೆಯಲ್ಲಿರುವ ಹಳದಿಯಲ್ಲೇ ಎರಡು ದಿನ ಬದುಕುತ್ತದೆ. ಇಪ್ಪತ್ತಮೂರನೇ ದಿನ ಕಳೆದರೂ ಒಡೆಯದ ಮೊಟ್ಟೆಗಳನ್ನು ತೆಗೆದು ಹೂತುಬಿಡಿ. ಇಲ್ಲದಿದ್ದರೆ ಹೇಂಟೆ ಅದರ ಮೇಲೇ ಕೂತು ಮರಿಗಳನ್ನು ಕಡೆಗಣಿಸಬಹುದು.

ಆಮೇಲೆ ಅಕ್ಕಿ ನುಚ್ಚು, ರಾಗಿ, ಸಿಕ್ಕರೆ ಗೆದ್ದಲು, ಮರಿ ಮುಳುಗದಷ್ಟು ಆಳದ ತಟ್ಟೆಯಲ್ಲಿ ನೀರು. ಹದ್ದು, ಮುಂಗುಸಿ, ಬೆಕ್ಕಿಗೆ ಸಿಗದಂತೆ ಮರಿಗಳನ್ನು ಮೊದಲ ತಿಂಗಳು ಬಲೆಯೊಳಗೇ ಇಡಿ. ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ, ಲಸಿಕೆ ಮರೆಯಬೇಡಿ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಸುಮಾರಿಗೆ ಚುಚ್ಚುಮದ್ದು. ಒಂದು ಸೀಸೆ ನೂರಾರು ಕೋಳಿಗೆ ಆಗುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಬೀದಿಯ ಕೋಳಿಯವರೆಲ್ಲ ಸೇರಿ ಪಶು ಆಸ್ಪತ್ರೆಯಲ್ಲಿ ಕೇಳಿ, ಐಸಿನಲ್ಲಿಟ್ಟು ತನ್ನಿ. ಜಾತ್ರೆಯಲ್ಲಿ ಮಾರುವ ಗುಲಾಬಿ, ಹಸಿರು ಬಣ್ಣದ ಮರಿಗಳನ್ನು ತಂದು ಈ ಗುಂಪಿಗೆ ಸೇರಿಸಬೇಡಿ. ಮೊಟ್ಟೆ ಕೋಳಿ ತಳಿಯಲ್ಲಿ ಬೇಡವಾದ ಗಂಡುಮರಿಗಳಿಗೇ ಹೆಚ್ಚಾಗಿ ಬಣ್ಣ ಹಚ್ಚಿರುತ್ತಾರೆ. ಬಹಳಷ್ಟು ಉಳಿಯುವುದಿಲ್ಲ, ರೋಗವನ್ನೂ ಜೊತೆಗೆ ತರುತ್ತವೆ.

ಮೂರು ನಾಲ್ಕು ತಿಂಗಳಿಗೆ ಹುಂಜಗಳು ಕಾದಾಡಲು ಶುರುಮಾಡುತ್ತವೆ, ಹೇಂಟೆಗಳ ಬೆನ್ನ ಪುಕ್ಕ ಕಿತ್ತುಹೋಗುತ್ತದೆ. ಆಗ ತಡ ಮಾಡಬೇಡಿ. ಹೇಂಟೆಗಳಿದ್ದು ಹುಂಜ ಇಲ್ಲದ ಮನೆಗೆ ಕೊಡುವುದು ನನ್ನ ಮೊದಲ ಆಯ್ಕೆ. ಮನೆಯಲ್ಲೇ ಅಡುಗೆಗೆ ಅಂತ ಮೊದಲೇ ಒಪ್ಪಿದ್ದರೆ ಅದೂ ಸರಿ, ಆದರೆ ಕೊಯ್ಯುವುದು ಬಲ್ಲವರ ಕೈಯಲ್ಲಿ, ಉಳಿದ ಕೋಳಿಗಳ ಕಣ್ಣಿಗೆ ಬೀಳದಂತೆ ಆಗಲಿ. ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹುಂಜ ಕೇಳಿಕೊಂಡು ಬರುವವರೂ ಇದ್ದಾರೆ. ಎಷ್ಟು ದುಡ್ಡು ಕೊಟ್ಟರೂ ಅವರಿಗೆ ಕೊಡಬೇಡಿ. ಕೋಳಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಗುರುತಿಲ್ಲದವರು ಬಂದು ಕಾಲಿನ ಮುಳ್ಳು ಮುಟ್ಟಿ ನೋಡಿದರೆ, ಅಲ್ಲೇ ಇಲ್ಲ ಅಂದು ಕಳುಹಿಸಿ.