ಫುಂಟ್‌ಶೋಲಿಂಗ್: ಗೇಟು ದಾಟುವ ಮೊದಲು, ತಟ್ಟೆಗೆ ಕೂರುವ ಮೊದಲು

ಭಾರತದ ಗಡಿಗೆ ಅಂಟಿಕೊಂಡಿರುವ ಭೂತಾನಿನ ಫುಂಟ್‌ಶೋಲಿಂಗ್ ಪೇಟೆಯಾಗಿ ಬೆಳೆದದ್ದು 1960ರ ದಶಕದಲ್ಲಿ, ರಾಜಧಾನಿ ಥಿಂಪುವಿಗೆ ರಸ್ತೆ ಬಂದ ಮೇಲೆ. ಭೂತಾನಿನ ಭಾಷೆ ಜೊಂಗ್ಖಾ, ನೇಪಾಳಿ, ಹಿಂದಿ ಇಲ್ಲಿ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಪಶ್ಚಿಮ ಬಂಗಾಳದ ಹಾಸಿಮಾರಾದಲ್ಲಿ ರೈಲಿಳಿದು ಗಡಿಯ ಈಚೆಗಿನ ಜೈಗಾಂವ್‌ಗೆ ಗಾಡಿ ಹಿಡಿಯಿರಿ. ಅಲ್ಲಿಂದ ನಡೆದೇ ಗಡಿ ದಾಟಬಹುದು. ದೊಡ್ಡವರಿಗೆ ಆಧಾರ್ ಸಾಲದು. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿಯ ಮೂಲಪ್ರತಿಯೇ ಬೇಕು. ಗಡಿಯಾಚೆ ಗಡಿಯಾರ 30 ನಿಮಿಷ ಮುಂದೆ, ಅಲ್ಲಿನ ಕಚೇರಿಗಳಲ್ಲಿ ಕೆಲಸವಿದ್ದರೆ ಬೇಗ ಹೊರಡಿ. ರೂಪಾಯಿ ನಡೆಯುತ್ತದೆ, ಚಿಲ್ಲರೆಯಾಗಿ ಬಂದ ಭೂತಾನಿನ ಹಣ ನ್ಗುಲ್ಟ್ರಮ್ ಅಲ್ಲೇ ಖರ್ಚು ಮಾಡಿ.

ಊಟಕ್ಕೆ ಎಮಾ ದಾತ್ಶಿ ತಪ್ಪಿಸಬೇಡಿ. ಇದರಲ್ಲಿ ಮೆಣಸಿನಕಾಯಿಯೇ ತರಕಾರಿ: ಉದ್ದಕ್ಕೆ ಸೀಳಿ ಚೀಸ್‌ನಲ್ಲಿ ಬೇಯಿಸುತ್ತಾರೆ. ಬರೀ ಅದನ್ನೇ ತಿಂದರೆ ಬಾಯಿ ಉರಿದೀತು. ಕೆಂಪಕ್ಕಿ ಅನ್ನ ಹೆಚ್ಚು, ದಾತ್ಶಿ ಒಂದೇ ಚಮಚದಂತೆ ಕಲಸಿ. ಖಾರ ತಡೆಯದವರು ಆಲೂಗಡ್ಡೆಯ ಕೇವಾ ದಾತ್ಶಿ ಕೇಳಿ. ಸುಜಾ ಬೆಣ್ಣೆ ಹಾಕಿದ ಉಪ್ಪು ಚಹಾ, ಸಿಹಿ ನಿರೀಕ್ಷಿಸಬೇಡಿ.